ಇನ್ನೊಬ್ಬರು ಬರೆದ ಕೋಡ್: ಪರವಾನಗಿ, ಪ್ರತಿಫಲ ಮತ್ತು ಕಾನೂನು

ಕಂಪ್ಯೂಟರ್ ಪ್ರೋಗ್ರಾಮನ್ನು ಭಾರತದ ಕಾನೂನು ಯಂತ್ರದ ಬಿಡಿಭಾಗವೆಂದು ನೋಡದೆ, ಕಾದಂಬರಿ ಇಲ್ಲವೆ ಪ್ರಬಂಧದಂತೆ ಒಂದು ಸಾಹಿತ್ಯ ಕೃತಿಯೆಂದು ಪರಿಗಣಿಸುತ್ತದೆ. 1957ರ ಹಕ್ಕುಸ್ವಾಮ್ಯ ಅಧಿನಿಯಮಕ್ಕೆ 1984ರಲ್ಲಿ ಆದ ತಿದ್ದುಪಡಿ ಈ ಮನ್ನಣೆಯನ್ನು ನೀಡಿತು. ಇದರಿಂದಾಗಿ ಕೋಡ್ ಬರೆದ ಕ್ಷಣದಲ್ಲೇ, ಯಾವ ನೋಂದಣಿಯ ಅಗತ್ಯವೂ ಇಲ್ಲದೆ, ಅದರ ಮೇಲೆ ಹಕ್ಕುಸ್ವಾಮ್ಯ ಹುಟ್ಟುತ್ತದೆ. ಬರೆದವರ ಜೀವಿತಾವಧಿ ಮತ್ತು ಅನಂತರದ 60 ವರ್ಷಗಳವರೆಗೆ ಅದು ಉಳಿಯುತ್ತದೆ. ಹಕ್ಕುಸ್ವಾಮ್ಯವೆಂದರೆ ಕೃತಿಯನ್ನು ನಕಲು ಮಾಡುವ, ಮಾರ್ಪಡಿಸುವ, ಪ್ರತಿಗಳನ್ನು ಹಂಚುವ, ಮಾರುವ, ಬಾಡಿಗೆಗೆ ಕೊಡುವ ಅಧಿಕಾರಗಳ ಒಂದು ಗುಚ್ಛ. ಆದುದರಿಂದ ಅಂತರ್ಜಾಲದಲ್ಲಿ ಯಾರು ಬೇಕಾದರೂ ತೆರೆದು ನೋಡಬಹುದಾದ ಕೋಡ್ ಒಡೆಯನಿಲ್ಲದ ಸ್ವತ್ತಲ್ಲ. ಪರವಾನಗಿಯ ಉಲ್ಲೇಖವೇ ಇಲ್ಲದ ಕೋಡನ್ನು ಮಾರಾಟದ ಸರಕಿನೊಳಗೆ ಸೇರಿಸಿಕೊಳ್ಳಲು ಯಾರಿಗೂ ಅನುಮತಿ ಇಲ್ಲವೆಂದೇ ತಿಳಿಯಬೇಕು; ಅಂಥ ಸಂದರ್ಭದಲ್ಲಿ ಬರೆದವರನ್ನು ನೇರವಾಗಿ ಕೇಳಿ, ಲಿಖಿತ ಒಪ್ಪಿಗೆ ಪಡೆಯುವುದೊಂದೇ ಸರಿಯಾದ ದಾರಿ.

ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ ಒಡೆತನದ್ದು. ಅಧಿನಿಯಮದ 17ನೇ ಕಲಮಿನ ಪ್ರಕಾರ ಕೃತಿಯ ಮೊದಲ ಒಡೆಯ ಅದನ್ನು ರಚಿಸಿದವನೇ. ಆದರೆ ಸಂಬಳದ ನೌಕರನು ತನ್ನ ಉದ್ಯೋಗದ ಭಾಗವಾಗಿ ಬರೆದ ಕೋಡ್, ಬೇರೆ ಒಪ್ಪಂದ ಇಲ್ಲದಿದ್ದರೆ, ಉದ್ಯೋಗದಾತ ಸಂಸ್ಥೆಗೆ ಸೇರುತ್ತದೆ. ಸ್ವತಂತ್ರವಾಗಿ, ಅಂದರೆ ಫ್ರೀಲಾನ್ಸರ್ ಆಗಿ ದುಡಿಯುವ ಪ್ರೋಗ್ರಾಮರ್‌ಗೆ ಈ ಎರಡನೆಯ ನಿಯಮ ಅನ್ವಯಿಸುವುದಿಲ್ಲ. ಬೆಂಗಳೂರಿನ ನವೋದ್ಯಮವೊಂದು ಧಾರವಾಡದಲ್ಲಿ ಕುಳಿತು ಕೆಲಸ ಮಾಡುವವರಿಂದ ಬಿಲ್ಲಿಂಗ್ ಪ್ರೋಗ್ರಾಮನ್ನು ಬರೆಸಿಕೊಂಡು, ಒಪ್ಪಿದ ಹಣವನ್ನು ಪೂರ್ತಿಯಾಗಿ ಪಾವತಿಸಿದರೂ, ಹಕ್ಕು ವರ್ಗಾವಣೆಯ ಪತ್ರ ಇಲ್ಲದಿದ್ದರೆ ಹಕ್ಕುಸ್ವಾಮ್ಯ ಬರೆದವರಲ್ಲಿಯೇ ಉಳಿಯುತ್ತದೆ. ಹಣ ಕೊಟ್ಟವರು ಒಡೆಯರಾದರೆಂಬ ಭಾವನೆ ಉದ್ಯಮಿಗಳಲ್ಲಿಯೂ, ಹಣ ಪಡೆದ ಮೇಲೆ ತಮಗೇನೂ ಉಳಿಯಲಿಲ್ಲವೆಂಬ ಭಾವನೆ ಪ್ರೋಗ್ರಾಮರ್‌ಗಳಲ್ಲಿಯೂ ಸಮಾನವಾಗಿ ಬೇರೂರಿದ್ದು, ಎರಡೂ ತಪ್ಪು.

ಹಕ್ಕು ವರ್ಗಾವಣೆ ಲಿಖಿತವಾಗಿರಬೇಕು ಮತ್ತು ವರ್ಗಾಯಿಸುವವರ ಸಹಿ ಅದರಲ್ಲಿರಬೇಕು ಎಂದು 19ನೇ ಕಲಂ ವಿಧಿಸುತ್ತದೆ. ಯಾವ ಕೃತಿ, ಯಾವ ಯಾವ ಹಕ್ಕುಗಳು, ಎಷ್ಟು ಕಾಲಕ್ಕೆ, ಯಾವ ಪ್ರದೇಶಕ್ಕೆ, ಎಷ್ಟು ರಾಯಧನ ಅಥವಾ ಬೇರಾವ ಪ್ರತಿಫಲಕ್ಕೆ ಎಂಬುದನ್ನು ಪತ್ರದಲ್ಲಿ ನಮೂದಿಸಬೇಕು. ಬರೆಯದೆ ಬಿಟ್ಟ ಕಡೆ ಕಾನೂನೇ ಉತ್ತರ ತುಂಬುತ್ತದೆ: ಅವಧಿ ಹೇಳದಿದ್ದರೆ 5 ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ. ವಿದೇಶದ ಗ್ರಾಹಕರಿಗೆ ಮಾರುವ ಉದ್ದೇಶವಿರುವ ಕಂಪನಿಗೆ ಈ ಒಂದು ಸಾಲಿನ ಮರೆವು ತೀರಾ ದುಬಾರಿಯಾಗಬಹುದು. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಪತ್ರದಲ್ಲಿ ಬೇರೆ ರೀತಿ ಹೇಳಿಲ್ಲದ ಪಕ್ಷದಲ್ಲಿ, ಅದು ರದ್ದಾಗುತ್ತದೆ. ಒಡೆತನವನ್ನು ಉಳಿಸಿಕೊಂಡು ಬಳಕೆಗೆ ಮಾತ್ರ ಅನುಮತಿ ನೀಡುವುದು ಪರವಾನಗಿ. ಅದೂ 30ನೇ ಕಲಮಿನಂತೆ ಲಿಖಿತವಾಗಿರಬೇಕು, ಮತ್ತು ಮೇಲಿನ ನಿಯಮಗಳು 30ಎ ಕಲಮಿನ ಮೂಲಕ ಅಗತ್ಯ ಹೊಂದಾಣಿಕೆಗಳೊಡನೆ ಅದಕ್ಕೂ ಅನ್ವಯಿಸುತ್ತವೆ.

ಮುಕ್ತ ತಂತ್ರಾಂಶದ ಪರವಾನಗಿಗಳು ಇದೇ ಹಕ್ಕುಸ್ವಾಮ್ಯದ ತಳಹದಿಯ ಮೇಲೆ ನಿಂತಿವೆ. ಎಂಐಟಿ, ಬಿಎಸ್‌ಡಿ ಮಾದರಿಯ ಪರವಾನಗಿಗಳು ವಾಣಿಜ್ಯ ಬಳಕೆಗೆ ಹಣ ಕೇಳುವುದಿಲ್ಲ. ಬರೆದವರ ಹಕ್ಕುಸ್ವಾಮ್ಯದ ಸೂಚನೆಯನ್ನೂ ಪರವಾನಗಿಯ ಪಠ್ಯವನ್ನೂ ಪ್ರತಿಯೊಡನೆ ಉಳಿಸಬೇಕೆಂದು ಮಾತ್ರ ಕೇಳುತ್ತವೆ. ಜಿಪಿಎಲ್ ಎಂಬ ಪರವಾನಗಿ ಹೆಚ್ಚಿನದನ್ನು ಕೇಳುತ್ತದೆ: ಅದರಡಿಯ ಕೋಡನ್ನು ಸೇರಿಸಿ ಕಟ್ಟಿದ ಪ್ರೋಗ್ರಾಮನ್ನು ಇತರರಿಗೆ ಹಂಚಿದರೆ, ಪಡೆದವರಿಗೆ ಮೂಲ ಕೋಡನ್ನೂ ಅದೇ ಷರತ್ತುಗಳ ಮೇಲೆ ಒದಗಿಸಬೇಕು. ಎಜಿಪಿಎಲ್ ಈ ಬಾಧ್ಯತೆಯನ್ನು, ಮಾರ್ಪಡಿಸಿದ ಪ್ರೋಗ್ರಾಮನ್ನು ಸರ್ವರ್‌ನಲ್ಲಿಟ್ಟು ಜಾಲದ ಮೂಲಕ ಬಳಕೆಗೆ ಕೊಡುವವರಿಗೂ ವಿಸ್ತರಿಸುತ್ತದೆ. ತನ್ನ ಕೋಡನ್ನು ಗುಟ್ಟಾಗಿ ಇಟ್ಟುಕೊಳ್ಳಬಯಸುವ ಕಂಪನಿಗೆ ಅನೇಕ ಲೇಖಕರು ಜೋಡಿ ಪರವಾನಗಿಯ ದಾರಿಯನ್ನು ತೆರೆದಿಟ್ಟಿರುತ್ತಾರೆ. ಅಂದರೆ ಷರತ್ತು ಒಪ್ಪುವವರಿಗೆ ಜಿಪಿಎಲ್, ಒಪ್ಪದವರಿಗೆ ಹಣ ತೆತ್ತು ಪಡೆಯುವ ವಾಣಿಜ್ಯ ಪರವಾನಗಿ. ಷರತ್ತನ್ನೂ ಪಾಲಿಸದೆ ಹಣವನ್ನೂ ಕೊಡದೆ ಬಳಸುವುದು ಅನ್ಯಾಯ. ಕಾನೂನಿನ ಕಣ್ಣಿನಲ್ಲಿ ಅದು ಹಕ್ಕುಸ್ವಾಮ್ಯದ ಉಲ್ಲಂಘನೆಯೂ ಹೌದು.

ಇದಕ್ಕೆ ಫ್ರಾನ್ಸಿನ ಪ್ರಕರಣವೊಂದು ಸ್ಪಷ್ಟ ನಿದರ್ಶನ. ಆಂತ್ರೂವೆರ್ ಎಂಬ ಸಣ್ಣ ಸಂಸ್ಥೆ ಲಾಸೊ ಎಂಬ ಲೈಬ್ರರಿಯನ್ನು, ಅಂದರೆ ಇತರ ಪ್ರೋಗ್ರಾಮುಗಳು ಬಳಸಿಕೊಳ್ಳಬಹುದಾದ ಸಿದ್ಧ ಕೋಡಿನ ಕಟ್ಟನ್ನು, ಜಿಪಿಎಲ್ ಅಡಿಯಲ್ಲಿಯೂ ವಾಣಿಜ್ಯ ಪರವಾನಗಿಯಲ್ಲಿಯೂ ನೀಡುತ್ತಿತ್ತು. ದೂರಸಂಪರ್ಕ ಕಂಪನಿಯಾದ ಆರೆಂಜ್ ಅದನ್ನು ಫ್ರೆಂಚ್ ಸರ್ಕಾರದ ನಾಗರಿಕ ಸೇವಾ ಪೋರ್ಟಲ್‌ಗಾಗಿ ಒದಗಿಸಿದ ವ್ಯವಸ್ಥೆಯಲ್ಲಿ ಜಿಪಿಎಲ್ ಷರತ್ತುಗಳನ್ನು ಪಾಲಿಸದೆ ಬಳಸಿತೆಂದು 2011ರಲ್ಲಿ ದಾವೆ ಹೂಡಲಾಯಿತು. ಇದು ಕೇವಲ ಕರಾರಿನ ವಿವಾದವೇ ಅಥವಾ ಹಕ್ಕುಸ್ವಾಮ್ಯದ ಉಲ್ಲಂಘನೆಯೇ ಎಂಬ ತಕರಾರಿನಲ್ಲಿ ವರ್ಷಗಳು ಸಂದು, ಕೊನೆಗೆ 2024ರ ಫೆಬ್ರುವರಿಯಲ್ಲಿ ಪ್ಯಾರಿಸ್ ಮೇಲ್ಮನವಿ ನ್ಯಾಯಾಲಯ ಇದು ಹಕ್ಕುಸ್ವಾಮ್ಯದ ಉಲ್ಲಂಘನೆಯೇ ಎಂದು ತೀರ್ಮಾನಿಸಿ, 8 ಲಕ್ಷ ಯೂರೊಗಳಷ್ಟು ಪರಿಹಾರ ವಿಧಿಸಿತು. ನ್ಯಾಯ ದೊರೆಯಿತಾದರೂ, ಸಣ್ಣ ಸಂಸ್ಥೆಯೊಂದು ಹದಿಮೂರು ವರ್ಷ ಕಾಯಬೇಕಾದದ್ದು ವಿಷಾದದ ಸಂಗತಿಯೇ.

ಹಣ ಕೊಟ್ಟು ಪಡೆದ ಪರವಾನಗಿಯಿಂದ ಏನು ಸಿಗುತ್ತದೆ ಎಂಬುದನ್ನು ಭಾರತದ ಸರ್ವೋಚ್ಚ ನ್ಯಾಯಾಲಯವು 2021ರ ಮಾರ್ಚಿನಲ್ಲಿ ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಪ್ರಕರಣದಲ್ಲಿ ವಿವರಿಸಿದೆ. ಕರ್ನಾಟಕ ಹೈಕೋರ್ಟಿನಿಂದ ಮೇಲೇರಿದ ಆ ತೆರಿಗೆ ವ್ಯಾಜ್ಯದಲ್ಲಿ, ತಂತ್ರಾಂಶದ ಪ್ರತಿಯನ್ನು ಬಳಸುವ ಹಕ್ಕು ಬೇರೆ, ಅದರ ಹಕ್ಕುಸ್ವಾಮ್ಯ ಬೇರೆ ಎಂದು ನ್ಯಾಯಾಲಯ ಸ್ಪಷ್ಟಪಡಿಸಿತು. ಬಳಕೆದಾರನಿಗೆ 52ನೇ ಕಲಂ ಕೆಲವು ವಿನಾಯಿತಿಗಳನ್ನು ಕೊಟ್ಟಿದೆ: ನ್ಯಾಯಸಮ್ಮತವಾಗಿ ಪಡೆದ ಪ್ರೋಗ್ರಾಮಿನ ಬ್ಯಾಕಪ್ ಪ್ರತಿ ಮಾಡಬಹುದು, ಅದು ಕೆಲಸ ಮಾಡುವ ತತ್ತ್ವವನ್ನು ಅರಿಯಲು ಪರೀಕ್ಷಿಸಬಹುದು. ಕಾನೂನು ಕಾಪಾಡುವುದು ಬರೆದ ರೂಪವನ್ನೇ ಹೊರತು ಕಲ್ಪನೆಯನ್ನಲ್ಲವಾದ್ದರಿಂದ, ಅದೇ ಕೆಲಸವನ್ನು ಮಾಡುವ ಪ್ರೋಗ್ರಾಮನ್ನು ಸ್ವಂತವಾಗಿ ಬರೆಯುವುದಕ್ಕೂ ಅಡ್ಡಿಯಿಲ್ಲ.

ಹಕ್ಕಿಗೆ ಧಕ್ಕೆ ಬಂದಾಗ ಮೊದಲ ಕೆಲಸ ಪುರಾವೆಯ ಸಂಗ್ರಹ. ಕೋಡ್ ಬರೆದ ದಿನಾಂಕಗಳ ದಾಖಲೆ, ಇಮೇಲ್‌ಗಳು, ಬಿಲ್ಲುಗಳು, ಎದುರಾಳಿಯ ಸರಕಿನ ಪ್ರತಿ ಇವೆಲ್ಲವೂ ಬೇಕಾಗುತ್ತವೆ. ನೋಂದಣಿ ಕಡ್ಡಾಯವಲ್ಲದಿದ್ದರೂ ನೋಂದಣಿ ಪುಸ್ತಕದ ನಮೂದು ಮೇಲ್ನೋಟದ ಸಾಕ್ಷ್ಯವಾಗುವುದರಿಂದ ಮುಂಚೆಯೇ ಅದನ್ನು ಮಾಡಿಸುವುದು ಲೇಸು. ಅರ್ಜಿಯೊಡನೆ ಕೋಡಿನ ಮೊದಲ 10 ಮತ್ತು ಕೊನೆಯ 10 ಪುಟಗಳನ್ನು, ಒಟ್ಟು 20 ಪುಟಕ್ಕಿಂತ ಕಡಿಮೆಯಿದ್ದರೆ ಇಡೀ ಕೋಡನ್ನು, ಯಾವ ಭಾಗವನ್ನೂ ಮರೆಮಾಚದೆ ಸಲ್ಲಿಸಬೇಕು. ಬಳಿಕ ವಕೀಲರ ಮೂಲಕ ನೋಟಿಸು ಕಳುಹಿಸಿ, ಷರತ್ತು ಪಾಲನೆಯನ್ನೋ ಹಿಂದಿನ ಬಳಕೆಗೆ ಪರವಾನಗಿ ಶುಲ್ಕವನ್ನೋ ಕೇಳಬಹುದು. ಇದಕ್ಕೂ ಬಗ್ಗದಿದ್ದರೆ ತಡೆಯಾಜ್ಞೆ, ನಷ್ಟಪರಿಹಾರ ಮತ್ತು ಎದುರಾಳಿ ಗಳಿಸಿದ ಲಾಭದ ಲೆಕ್ಕ ಕೇಳಿ ದಾವೆ ಹೂಡಬಹುದು. 62ನೇ ಕಲಮಿನಂತೆ ವಾದಿಯು ತಾನು ವಾಸಿಸುವ ಊರಿನ ವ್ಯಾಪ್ತಿಯ ಜಿಲ್ಲಾ ನ್ಯಾಯಾಲಯದಲ್ಲಿಯೇ ಇದನ್ನು ಹೂಡಲು ಅವಕಾಶವಿದೆ. ವಿವಾದದ ಮೌಲ್ಯ 3 ಲಕ್ಷ ರೂಪಾಯಿ ಅಥವಾ ಹೆಚ್ಚಿದ್ದರೆ ಅದು ವಾಣಿಜ್ಯ ನ್ಯಾಯಾಲಯಕ್ಕೆ ಹೋಗುತ್ತದೆ, ಮತ್ತು ತುರ್ತು ತಡೆಯಾಜ್ಞೆ ಬೇಡದ ಪ್ರಕರಣಗಳಲ್ಲಿ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಮೊದಲು ಮಧ್ಯಸ್ಥಿಕೆಗೆ ಯತ್ನಿಸುವುದು ಕಡ್ಡಾಯ. ತಿಳಿದೂ ಮಾಡಿದ ಉಲ್ಲಂಘನೆಗೆ 63ನೇ ಕಲಂ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸವನ್ನೂ 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡವನ್ನೂ ವಿಧಿಸುತ್ತದೆ. ಈ ಅಪರಾಧದಲ್ಲಿ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು ಮತ್ತು ಇದು ಜಾಮೀನುರಹಿತವೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಹೇಳಿದೆ.

ನಷ್ಟಪರಿಹಾರದ ದಾವೆಗೆ ಕಾಲಮಿತಿ, ಉಲ್ಲಂಘನೆ ನಡೆದ ದಿನದಿಂದ 3 ವರ್ಷ. ತಮ್ಮ ಕೋಡ್ ಬೇರೆಯವರ ಸರಕಿನಲ್ಲಿ ಕಂಡುಬಂದರೆ ಪ್ರೋಗ್ರಾಮರ್‌ಗಳು ಮಾತುಕತೆಯ ಭರವಸೆಯಲ್ಲಿ ಆ ಅವಧಿಯನ್ನು ಕಳೆಯದೆ, ಕೂಡಲೇ ವಕೀಲರನ್ನಾಗಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನಾಗಲಿ ಕಾಣಬೇಕು.