ನಾರಿನ ಕಾರ್ಖಾನೆಯ ವಿಮೆ: ಒಂದು ಶೇಕಡಾ ಪಾಠ

ತರಗತಿ: 8. ಘಟಕ: ಶೇಕಡಾ ಮತ್ತು ಅನುಪಾತ.

ತುರುವೇಕೆರೆಯ ಬೋಧನಾಭ್ಯಾಸದಲ್ಲಿ ಮಕ್ಕಳು ದಿನವೂ ಕಾಣುವ ತೆಂಗಿನ ನಾರಿನ ಕಾರ್ಖಾನೆಯನ್ನೇ ಉದಾಹರಣೆಯಾಗಿ ತೆಗೆದುಕೊಂಡೆ. ಒಣನಾರಿಗೆ ಬೆಂಕಿಯ ಭಯವಿದೆ ಎಂಬುದು ಅವರಿಗೆ ಗೊತ್ತೇ ಇತ್ತು.

ಕಟ್ಟಡ, ಯಂತ್ರ, ದಾಸ್ತಾನು ಸೇರಿ ಬೆಲೆ 20 ಲಕ್ಷ ರೂ. ಎಂದುಕೊಳ್ಳೋಣ. ಸಾವಿರಕ್ಕೆ 3 ರೂ. ದರವೆಂದು ಊಹಿಸಿದರೆ ಕಂತು 6,000. ಶೇ 18 ಜಿಎಸ್‌ಟಿ 1,080. ಒಟ್ಟು 7,080 ರೂ.

ಪಾಠ ಮುಗಿಯಿತು ಎನ್ನುವಾಗ ಒಬ್ಬ ಹುಡುಗಿ ಕೇಳಿದಳು: “ಸಾರ್, ಎಲ್ಲಾನೂ ಅರ್ಧ ಬೆಲೆಗೆ ವಿಮೆ ಮಾಡಿಸಿದ್ರೆ 3,540 ಉಳಿಯುತ್ತಲ್ವಾ?” ನನಗೆ ಉತ್ತರ ತಿಳಿದಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ.

ಓದಿದಾಗ ತಿಳಿದದ್ದು, ಬೆಂಕಿ ವಿಮೆಯ ಸರಾಸರಿ ನಿಯಮ: ಪರಿಹಾರ = ನಷ್ಟ × ವಿಮಾ ಮೊತ್ತ ÷ ನಿಜವಾದ ಬೆಲೆ. ಅರ್ಧಕ್ಕೆ ವಿಮೆ ಮಾಡಿಸಿ 4 ಲಕ್ಷದ ನಾರು ಸುಟ್ಟರೆ ಸಿಗುವುದು 2 ಲಕ್ಷ. 2021ರ ಏಪ್ರಿಲ್‌ನಿಂದ ಸಣ್ಣ ಘಟಕಗಳಿಗಿರುವ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಪಾಲಿಸಿ ಶೇ 15ರವರೆಗಿನ ಕೊರತೆಯನ್ನು ಮನ್ನಿಸುತ್ತದೆ; ಇಲ್ಲಿ ಕೊರತೆ ಶೇ 50.

ಮರುದಿನ ಲೆಕ್ಕ ಮೊದಲು ಮುಗಿಸಿದವಳು ಅವಳೇ: “3,540 ಉಳಿಸೋಕೆ ಹೋಗಿ 2 ಲಕ್ಷ ಹೋಯ್ತು ಸಾರ್.”

ಮುಂದಿನ ಪಾಠಯೋಜನೆಯಲ್ಲಿ ಕಂತಿನ ಲೆಕ್ಕದ ಜೊತೆಗೇ ಪರಿಹಾರದ ಲೆಕ್ಕವನ್ನೂ ಸೇರಿಸಿದ್ದೇನೆ.