ಇಂದಿನ ಧಮ್ಮ ಚಿಂತನೆ: ಮಂಗರವಳ್ಳಿ ಮತ್ತು ಸಮ್ಯಕ್ ವ್ಯಾಯಾಮ



ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಕಲ್ಲುಗುಡ್ಡಗಳಲ್ಲಿ ಬೇಸಿಗೆಯಲ್ಲೂ ಹಸಿರಾಗಿರುವ ಬಳ್ಳಿ ಮಂಗರವಳ್ಳಿ. ದ್ರಾಕ್ಷಿಯ ಕುಟುಂಬದ್ದು. ನಾಲ್ಕು ಮೂಲೆಯ ಕಾಂಡ, ಗೆಣ್ಣು ಗೆಣ್ಣಾಗಿ ಮೂಳೆ ಜೋಡಿಸಿಟ್ಟಂತೆ. ಮೂಳೆ ಮುರಿದಾಗ ಅರೆದು ಕಟ್ಟುವ ರೂಢಿ ಹಳೆಯದು. ಹಸಿಯಾಗಿ ತಿಂದರೆ ಬಾಯಿ ತುರಿಸುತ್ತದೆ. ಹುರಿದು ಹುಣಸೆಹಣ್ಣು ಹಾಕಿ ಚಟ್ನಿ ಅರೆದರೆ ಮುದ್ದೆಗೆ ಸೊಗಸು.

ಬಂಡೆಯ ಸಂದಿಯಲ್ಲಿ ಇದು ಬದುಕುವುದು ಹೇಗೆ? ಎಲೆಗಳು ಕಡಿಮೆ, ಅವೂ ಬೇಗ ಉದುರುತ್ತವೆ. ಹಸಿರು ಕಾಂಡವೇ ಎಲೆಯ ಕೆಲಸ ಮಾಡುತ್ತದೆ. ಹಗಲಿನಲ್ಲಿ ಕಾಂಡದ ಸೂಕ್ಷ್ಮ ರಂಧ್ರಗಳನ್ನು ತೆರೆದರೆ ನೀರು ಆರಿಹೋಗುತ್ತದೆ. ಅದಕ್ಕೆ ರಾತ್ರಿಯ ತಂಪಿನಲ್ಲಿ ತೆರೆದು, ಗಾಳಿಯ ಇಂಗಾಲದ ಡೈಆಕ್ಸೈಡನ್ನು ಆಮ್ಲವಾಗಿ ಕೂಡಿಡುತ್ತದೆ. ಬೆಳಗಾದ ಮೇಲೆ ಬಾಗಿಲು ಮುಚ್ಚಿಕೊಂಡು, ಅದರಿಂದಲೇ ಬಿಸಿಲಿನಲ್ಲಿ ಆಹಾರ ತಯಾರಿಸಿಕೊಳ್ಳುತ್ತದೆ. ನಾವು ನೋಡುವ ಹೊತ್ತಿಗೆ ಸುಮ್ಮನೆ ಬಿದ್ದಿರುವಂತೆ ಕಾಣುತ್ತದೆ, ಅಷ್ಟೇ.

ಸಮ್ಯಕ್ ವ್ಯಾಯಾಮ ಎಂದರೆ ಸರಿಯಾದ ಪ್ರಯತ್ನ. ಬುದ್ಧರು ಹೇಳಿದ ಅದರ ನಾಲ್ಕು ಬಗೆಗಳಲ್ಲಿ ಕೊನೆಯದು, ಹುಟ್ಟಿದ ಒಳಿತನ್ನು ಉಳಿಸಿ ಬೆಳೆಸುವುದು. ಇದು ಹೊರಗಿನವರ ಕಣ್ಣಿಗೆ ಬೀಳುವುದೇ ಕಡಿಮೆ.

ನಮ್ಮ ಜಿಲ್ಲೆಯದೇ ಆದ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. 1892ರಲ್ಲಿ ಬಿ. ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ಧಮ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಪ್ರಯತ್ನಪಟ್ಟರೆ ಚಿಕ್ಕವರಿಗೂ ಸಿಗುತ್ತದೆ ಎಂಬುದು ಅದರ ಸಾರ.

ನಾನು ಶಾಲೆಯ ಮೇಷ್ಟ್ರು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಒಬ್ಬ ಹುಡುಗಿ, "ನಂಗೆ ಓದು ಹತ್ತಲ್ಲ ಸಾರ್, ಇನ್ನು ಪರೀಕ್ಷೆ ಬೇಡ" ಎಂದಳು. ಕೂಲಿಗೆ ಹೋಗಿ ಬರುವ ಅವ್ವನಿಗೆ ಅಡುಗೆ ಮಾಡಿಟ್ಟು, ತಮ್ಮನನ್ನು ಮಲಗಿಸಿ, ರಾತ್ರಿ ಹತ್ತರ ಮೇಲೆ ಅವಳು ಓದಿದ್ದು ಅಂಕಪಟ್ಟಿಯಲ್ಲಿ ಇಲ್ಲ. ಓದು ಬಿಟ್ಟರೆ ಮುಂದಿನದು ಗಾರ್ಮೆಂಟ್ಸ್ ಕೆಲಸ, ಇಲ್ಲವೇ ಮದುವೆ.

ಹಾಗೆಂದು ಪ್ರಯತ್ನ ಎಂದರೆ ಒಬ್ಬರೇ ಸಹಿಸಿಕೊಂಡಿರುವುದಲ್ಲ. ಮಂಗರವಳ್ಳಿಯ ಗೆಣ್ಣಿನಲ್ಲಿ ಎಲೆಗೆ ಎದುರಾಗಿ ಒಂದು ಕುಡಿಬಳ್ಳಿ ಹೊರಡುತ್ತದೆ. ಪಕ್ಕದ ಗಿಡವನ್ನು ಹಿಡಿದೇ ಅದು ಮೇಲೇರುವುದು. ಕಲ್ಯಾಣಮಿತ್ರತೆ ಧಮ್ಮಜೀವನದ ಅರ್ಧವಲ್ಲ, ಪೂರ್ತಿ ಎಂದು ಬುದ್ಧರು ಆನಂದರಿಗೆ ತಿಳಿಸಿದ್ದೂ ಇದನ್ನೇ.

*ಇಂದಿನ ಅಭ್ಯಾಸ:* ನಿಮ್ಮ ಕೇರಿಯಲ್ಲಿ ಫೇಲಾದ ಒಂದು ಮಗುವಿನ ಮನೆಗೆ ಹೋಗಿ. ಅಂಕ ಕೇಳಬೇಡಿ. ಯಾವಾಗ ಓದುತ್ತಿದ್ದೆ, ಹೇಗೆ ಓದುತ್ತಿದ್ದೆ ಎಂದು ಕೇಳಿ. ಮರುಪರೀಕ್ಷೆಗೆ ಅರ್ಜಿ ಹಾಕಲು ಜೊತೆಗೆ ಹೋಗಿ. ಹಿಡಿದುಕೊಳ್ಳಲು ಪಕ್ಕದ ಗಿಡ ನೀವಾಗಿ.

ಎಲ್ಲರಿಗೂ ಮಂಗಳವಾಗಲಿ 🙏