ಹಳೆಯ ಗೊಂಬೆಯ ಹುಟ್ಟೂರು

ನವರಾತ್ರಿ ಬಂದಿತೆಂದರೆ ಪೋರೂರಿನ ನಮ್ಮ ಕನ್ನಡ ಮನೆಗಳಲ್ಲಿ ಅಜ್ಜಿಯರ ಪೆಟ್ಟಿಗೆಯಿಂದ ಹಳೆಯ ಗೊಂಬೆಗಳು ಹೊರಬರುತ್ತವೆ. ಅವುಗಳ ಹುಟ್ಟೂರನ್ನು ತಿಳಿಯುವುದೆಂತು? ಮೊದಲು ಕೈಯಲ್ಲಿ ತೂಗಿ ನೋಡಬೇಕು. ಅಂಗೈ ಜಗ್ಗುವಷ್ಟು ಭಾರವಾಗಿ, ಬಣ್ಣವಿಲ್ಲದೆಯೂ ಕೆಂಪಾಗಿದ್ದರೆ ಅದು ರಕ್ತಚಂದನದ ಪಟ್ಟದ ಗೊಂಬೆ. ಆ ಮರ ತಿರುಪತಿಯ ಕಡೆಯ ಬೆಟ್ಟಗಳದು. ದುಂಡಾಗಿ, ನುಣುಪಾಗಿ ಹೊಳೆಯುವುದು ಚನ್ನಪಟ್ಟಣದ್ದು. ಅಲ್ಲಿ ಹಾಲೆಮರದ ತುಂಡು ಯಂತ್ರದಲ್ಲಿ ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತುವರು. ತಿಕ್ಕಾಟದ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತುವುದು. ಕೊಪ್ಪಳದ ಬಳಿಯ ಕಿನ್ನಾಳದ ಗೊಂಬೆಯಾದರೋ ಹಗುರ. ಪೊಣಿಕೆಮರದ ತುಂಡುಗಳನ್ನು ಹುಣಿಸೆಬೀಜದ ಅಂಟಿನಿಂದ ಕೂಡಿಸಿ, ಮೇಲೆ ಲೇಪ ಕೊಟ್ಟು, ಕುಂಚದಿಂದ ಬಣ್ಣ ತುಂಬಿರುತ್ತಾರೆ. ಚಕ್ಕೆಯೆದ್ದ ಕಡೆ ಒಳಲೇಪ ಕಾಣುವುದು. ಪರೀಕ್ಷೆಗೆಂದು ಕೆರೆಯುವುದು ಸಲ್ಲ. ನಾವು ಬಾಲ್ಯದಲ್ಲಿ ಅಂತಹುದೊಂದನ್ನು ಕೊಳೆಯೆಂದು ಕೆರೆದು ಪೇಂಟು ಬಳಿದೆವು. ತಾಯಿಯವರು ಆ ವರ್ಷ ಅದನ್ನು ಕೂಡಿಸಲಿಲ್ಲ.